ಫಾರ್ಮ್ಯಾಟ್ ಬದಲಿಸಿದ ಮೇಲೆ ಹಾಡುಗಳ ವಾಲ್ಯೂಮ್ ಏರುಪೇರಾದರೆ ಏನು ಮಾಡಬೇಕು?

“ಕಂಪ್ಯೂಟರ್‌ನಲ್ಲಿ ಎಲ್ಲ ಹಾಡೂ ಒಂದೇ ಸಮ ಕೇಳ್ತಿತ್ತು ಸಾರ್. ಎಂಪಿ3 ಮಾಡಿ ಪೆನ್‌ಡ್ರೈವ್‌ಗೆ ಹಾಕಿದೆ. ಈಗ ಕಾರಲ್ಲಿ ಒಂದು ಹಾಡು ಕೇಳೋದೇ ಇಲ್ಲ, ಮುಂದಿನದು ಕಿವಿ ಕಿತ್ತೋಗೋ ಹಾಗೆ ಬರುತ್ತೆ.”

ತುಮಕೂರು, ಗುಬ್ಬಿ, ಶಿರಾ, ಮಧುಗಿರಿ ಕಡೆಯ ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಭಜನಾ ಮಂಡಳಿಯ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡವರಿದ್ದಾರೆ, ರಂಗಗೀತೆ ಕೂಡಿಡುವವರಿದ್ದಾರೆ, ಕೈವಾರ ತಾತಯ್ಯನವರ ಪದಗಳನ್ನು ಮನೆಯವರಿಗಾಗಿ ಮೊಬೈಲಿಗೆ ಹಾಕಿಕೊಡುವವರಿದ್ದಾರೆ. ಸಂಗ್ರಹ ಬೇರೆಬೇರೆಯಾದರೂ ತೊಂದರೆಯ ಮೂಲ ಹೆಚ್ಚುಕಡಿಮೆ ಒಂದೇ. ಮಟ್ಟವನ್ನು ಅಳೆದದ್ದು ಫಾರ್ಮ್ಯಾಟ್ ಬದಲಿಸುವ ಮೊದಲು. ಬದಲಿಸಿದ ಮೇಲೆ ಯಾರೂ ಮತ್ತೆ ಅಳೆದಿಲ್ಲ. ಹಾಡು ನುಡಿಸುವ ಸಾಧನಕ್ಕೆ ಆ ಅಳತೆಯನ್ನು ಓದಲು ಬರುತ್ತದೆಯೇ ಎಂದೂ ನೋಡಿಲ್ಲ.

ಮೊದಲು ಟ್ಯಾಗ್ ಅಂದರೆ ಏನು ಅಂತ ತಿಳಿದುಕೊಳ್ಳಿ

ಹಾಡಿನ ಕಡತದೊಳಗೆ ದನಿಯ ಜೊತೆಗೆ ಒಂದಿಷ್ಟು ಬರಹವೂ ಇರುತ್ತದೆ: ಹಾಡಿನ ಹೆಸರು, ಹಾಡಿದವರು, ಆಲ್ಬಂ. ಇವೇ ಟ್ಯಾಗ್‌ಗಳು. ಅದೇ ಜಾಗದಲ್ಲಿ “ಈ ಹಾಡನ್ನು ಇಷ್ಟು ಡೆಸಿಬಲ್ ತಗ್ಗಿಸಿ ನುಡಿಸು” ಎಂಬ ಸೂಚನೆಯನ್ನೂ ಬರೆದಿಡಬಹುದು. ಇದನ್ನು ರೀಪ್ಲೇಗೇನ್ ಎನ್ನುತ್ತಾರೆ. 2001ರಲ್ಲಿ ಡೇವಿಡ್ ರಾಬಿನ್‌ಸನ್ ಮುಂದಿಟ್ಟ ಯೋಜನೆ ಇದು.

ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ಚೀಲಕ್ಕೆ ತೂಕದ ಚೀಟಿ ಕಟ್ಟಿರುತ್ತಾರಲ್ಲ, ಟ್ಯಾಗ್ ಕೂಡ ಹಾಗೆಯೇ. ಚೀಟಿ ಕಟ್ಟಿದ್ದರಿಂದ ಕೊಬ್ಬರಿಯ ತೂಕ ಬದಲಾಗದು. ಕೊಬ್ಬರಿಯನ್ನು ಬೇರೆ ಚೀಲಕ್ಕೆ ಸುರಿದರೆ ಚೀಟಿ ಹಳೆಯ ಚೀಲದಲ್ಲೇ ಉಳಿಯಬಹುದು. ಸುರಿಯುವಾಗ ಒಂದಿಷ್ಟು ತೆಗೆದು ಹಳೆಯ ಚೀಟಿಯನ್ನೇ ಕಟ್ಟಿದರೆ ಚೀಟಿ ಸುಳ್ಳು ಹೇಳುತ್ತದೆ. ಫಾರ್ಮ್ಯಾಟ್ ಬದಲಿಸುವಾಗ ಆಗುವ ತಪ್ಪುಗಳೆಲ್ಲ ಈ ಎರಡು ಬಗೆಯವೇ.

ರೀಪ್ಲೇಗೇನ್‌ನಲ್ಲಿ ಮುಖ್ಯವಾಗಿ ನಾಲ್ಕು ಅಂಕಿಗಳಿವೆ. ಟ್ರ್ಯಾಕ್ ಗೇನ್ ಎಂದರೆ ಆ ಒಂದು ಹಾಡನ್ನು ಸಮ ಮಟ್ಟಕ್ಕೆ ತರಲು ಎಷ್ಟು ಏರಿಸಬೇಕು ಅಥವಾ ಇಳಿಸಬೇಕು ಎಂಬುದು. ಆಲ್ಬಂ ಗೇನ್ ಎಂದರೆ ಇಡೀ ಆಲ್ಬಂಗೆ ಸೇರಿಸಿ ಒಂದೇ ಅಂಕಿ. ಇನ್ನೆರಡು ಟ್ರ್ಯಾಕ್ ಪೀಕ್ ಮತ್ತು ಆಲ್ಬಂ ಪೀಕ್. ಪೀಕ್ ಎಂದರೆ ದನಿಯ ಅಲೆ ಮುಟ್ಟಿದ ಅತಿ ಎತ್ತರದ ಬಿಂದು. ಕಡತ ತಾಳಬಲ್ಲ ಗರಿಷ್ಠ ಎತ್ತರವನ್ನು 1.0 ಎಂದು ಹಿಡಿಯುತ್ತಾರೆ.

ಪೀಕ್ ಏಕೆ ಬೇಕು ಎಂಬುದಕ್ಕೆ ಒಂದು ಲೆಕ್ಕ. ಹಳೆಯ ಭಜನೆಯೊಂದಕ್ಕೆ ಗೇನ್ ಪ್ಲಸ್ 4.2 ಡೆಸಿಬಲ್, ಪೀಕ್ 0.80 ಎಂದು ಬಂದಿದೆ ಎನ್ನಿ. 4.2 ಡೆಸಿಬಲ್ ಏರಿಸಿದರೆ ಅಲೆಯ ಎತ್ತರ ಸುಮಾರು 1.62 ಪಟ್ಟಾಗುತ್ತದೆ. 0.80ನ್ನು ಅದರಿಂದ ಗುಣಿಸಿದರೆ ಸುಮಾರು 1.30. ಮಿತಿ 1.0 ಇರುವಾಗ ಮೇಲಿನ ಭಾಗ ಕತ್ತರಿಸಿಹೋಗಿ ದನಿ ಒಡೆಯುತ್ತದೆ. ಇದೇ ಕ್ಲಿಪ್ಪಿಂಗ್. ಈ ಹಾಡನ್ನು ದನಿ ಒಡೆಯದಂತೆ ಏರಿಸಬಹುದಾದದ್ದು ಸುಮಾರು 1.9 ಡೆಸಿಬಲ್ ಮಾತ್ರ. ಒಳ್ಳೆಯ ಪ್ಲೇಯರ್ ಪೀಕ್ ನೋಡಿಕೊಂಡು ಅಷ್ಟಕ್ಕೇ ನಿಲ್ಲುತ್ತದೆ.

ಹಳೆಯ ರೀಪ್ಲೇಗೇನ್‌ನ ಗುರಿ 89 ಡೆಸಿಬಲ್. ಹೊಸದು, ಅಂದರೆ ರೀಪ್ಲೇಗೇನ್ 2.0, ಪ್ರಸಾರ ಕ್ಷೇತ್ರದ ಬಿಎಸ್ 1770 ಅಳತೆಯ ಕ್ರಮವನ್ನು ಬಳಸಿ ಮೈನಸ್ 18 ಎಲ್‌ಯುಎಫ್‌ಎಸ್ ಮಟ್ಟಕ್ಕೆ ತರುತ್ತದೆ. ಎಲ್‌ಯುಎಫ್‌ಎಸ್ ಎಂದರೆ ಕಿವಿಗೆ ಎಷ್ಟು ಜೋರಾಗಿ ಕೇಳುತ್ತದೆ ಎಂಬುದರ ಮಾನ. ಎರಡರ ಗುರಿಯೂ ಹತ್ತಿರಹತ್ತಿರವೇ. ಆದರೆ ಅಳೆಯುವ ವಿಧಾನ ಬೇರೆಯಾದ್ದರಿಂದ ಅರ್ಧ ಸಂಗ್ರಹವನ್ನು ಹಳೆಯ ತಂತ್ರಾಂಶದಲ್ಲಿ, ಇನ್ನರ್ಧವನ್ನು ಹೊಸದರಲ್ಲಿ ಅಳೆದರೆ ಕೆಲವು ಹಾಡುಗಳು ಹೊಂದುವುದಿಲ್ಲ. ಒಂದೇ ತಂತ್ರಾಂಶ ಹಿಡಿದು ಎಲ್ಲವನ್ನೂ ಅದರಲ್ಲೇ ಅಳೆಯಿರಿ.

ಏನೇನು ಬೇಕು

ವಿಂಡೋಸ್ ಕಂಪ್ಯೂಟರ್ ಇದ್ದರೆ ಫೂಬಾರ್ 2000 ಎಂಬ ಉಚಿತ ಪ್ಲೇಯರ್ ಒಂದೇ ಬಹುಪಾಲು ಕೆಲಸಕ್ಕೆ ಸಾಕು. ಅಳೆಯುವುದು, ಫಾರ್ಮ್ಯಾಟ್ ಬದಲಿಸುವುದು ಎರಡೂ ಅದರಲ್ಲೇ ಆಗುತ್ತದೆ. ಟ್ಯಾಗ್‌ಗಳನ್ನು ಬಿಚ್ಚಿ ನೋಡಲು, ತಿದ್ದಲು ಎಂಪಿ3ಟ್ಯಾಗ್ ಇಟ್ಟುಕೊಳ್ಳಿ. ಕಾರು ಅಥವಾ ಮೈಕ್‌ಸೆಟ್‌ಗೆ ಪೆನ್‌ಡ್ರೈವ್ ಮಾಡುವವರಿಗೆ ಎಂಪಿ3ಗೇನ್ ಕೂಡ ಬೇಕು. ಲಿನಕ್ಸ್ ಬಳಸುವವರಿಗೆ ಆರ್‌ಎಸ್‌ಗೇನ್ ಒಳ್ಳೆಯದು. ಅದರ ಸುಲಭ ವಿಧಾನಕ್ಕೆ ಒಂದು ಫೋಲ್ಡರ್ ತೋರಿಸಿದರೆ, ಒಳಗಿನ ಒಂದೊಂದು ಫೋಲ್ಡರನ್ನೂ ಒಂದೊಂದು ಆಲ್ಬಂ ಎಂದುಕೊಂಡು ತಾನೇ ಅಳೆಯುತ್ತ ಹೋಗುತ್ತದೆ.

ಜೊತೆಗೆ ಡಿಸ್ಕ್‌ನಲ್ಲಿ ಬೇರೆ ಜಾಗ. ಮೂಲ ಕಡತ ಮುಟ್ಟದೆ, ಮುಂದಿನ ಕೆಲಸವನ್ನೆಲ್ಲ ಪ್ರತಿಯ ಮೇಲೆ ಮಾಡಿ. ಕ್ಯಾಸೆಟ್‌ನಿಂದ ಇಳಿಸಿದ್ದಾದರೆ ಇದು ಇನ್ನೂ ಮುಖ್ಯ. ಆ ಟೇಪ್ ಮುಂದಿನ ವರ್ಷ ಓಡುತ್ತದೆ ಎಂದು ನಂಬುವಂತಿಲ್ಲ.

1. ಕೇಳುವ ಸಾಧನ ಟ್ಯಾಗ್ ಓದುತ್ತದೆಯೇ, ಪರೀಕ್ಷಿಸಿ

ಎಲ್ಲಕ್ಕಿಂತ ಮೊದಲು ಇದನ್ನು ಮಾಡಿ. ಹೆಚ್ಚಿನವರು ಇದನ್ನು ಬಿಟ್ಟೇ ಕೆಲಸ ಕೆಡಿಸಿಕೊಳ್ಳುತ್ತಾರೆ.

ಒಂದು ಎಂಪಿ3 ಹಾಡಿನ ಎರಡು ಪ್ರತಿ ಮಾಡಿ. ಎರಡನೆಯದನ್ನು ಎಂಪಿ3ಟ್ಯಾಗ್‌ನಲ್ಲಿ ತೆರೆದು, ಎಕ್ಸ್‌ಟೆಂಡೆಡ್ ಟ್ಯಾಗ್ಸ್ ಎಂಬ ಕಡೆ ಟ್ರ್ಯಾಕ್ ಗೇನ್ ಅಂಕಿಯನ್ನು ಮೈನಸ್ 15 ಡೆಸಿಬಲ್ ಎಂದು ಬದಲಿಸಿ ಉಳಿಸಿ. ಎರಡನ್ನೂ ಪೆನ್‌ಡ್ರೈವ್‌ಗೆ ಹಾಕಿ ಕಾರಿನಲ್ಲಿ ಒಂದರ ಹಿಂದೆ ಒಂದು ನುಡಿಸಿ. ಎರಡನೆಯದು ಸ್ಪಷ್ಟವಾಗಿ ತಗ್ಗಿದ ದನಿಯಲ್ಲಿ ಬಂದರೆ ಆ ಸ್ಟೀರಿಯೋ ಟ್ಯಾಗ್ ಓದುತ್ತದೆ. ಎರಡೂ ಒಂದೇ ಸಮ ಬಂದರೆ ಓದುವುದಿಲ್ಲ. ನೀವು ಎಷ್ಟು ಚೆನ್ನಾಗಿ ಟ್ಯಾಗ್ ಬರೆದರೂ ಅಲ್ಲಿ ಪ್ರಯೋಜನವಿಲ್ಲ. ಕಾರಿನ ಸ್ಟೀರಿಯೋ, ದೇವಸ್ಥಾನದ ಯುಎಸ್‌ಬಿ ಆಂಪ್ಲಿಫೈಯರ್, ಚಿಕ್ಕ ಬ್ಲೂಟೂತ್ ಸ್ಪೀಕರಿನ ಮೆಮೊರಿ ಕಾರ್ಡ್ ಕಿಂಡಿ, ಇಂಥವು ಬಹುತೇಕ ಓದುವುದಿಲ್ಲ. ಅವಕ್ಕಾಗಿ 6ನೇ ಹಂತ ಇದೆ.

ಮೊಬೈಲಿನಲ್ಲಿ ಪವರ್‌ಆಂಪ್, ಫೂಬಾರ್ 2000 ಓದುತ್ತವೆ. ಕಂಪ್ಯೂಟರಿನ ವಿಎಲ್‌ಸಿ ಕೂಡ ಓದುತ್ತದೆ. ಆದರೆ ಓದಬಲ್ಲ ಪ್ಲೇಯರ್‌ನಲ್ಲೂ ಸೆಟ್ಟಿಂಗ್ ಆಫ್ ಆಗಿರಬಹುದು. ಆಡಿಯೋ ಸೆಟ್ಟಿಂಗ್‌ಗೆ ಹೋಗಿ ರೀಪ್ಲೇಗೇನ್ ಆನ್ ಇದೆಯೇ ನೋಡಿ, ಆಮೇಲೆ ಪರೀಕ್ಷೆ ಮಾಡಿ. ಆಪಲ್‌ನ ಮ್ಯೂಸಿಕ್ ತಂತ್ರಾಂಶದ ದಾರಿ ಬೇರೆ: ಅದರ ಸೌಂಡ್ ಚೆಕ್ ತನ್ನದೇ ಅಂಕಿ ಬಳಸುತ್ತದೆ, ರೀಪ್ಲೇಗೇನ್ ನೋಡುವುದಿಲ್ಲ.

2. ಅಳೆಯುವ ಮೊದಲು ಕಡತವನ್ನು ಚೊಕ್ಕ ಮಾಡಿ

ಸಿಡಿಯಿಂದ ತೆಗೆದ ಹಾಡಾದರೆ ಈ ಹಂತ ಬಿಟ್ಟು ಮುಂದೆ ಹೋಗಿ. ಕ್ಯಾಸೆಟ್‌ನಿಂದ ಇಳಿಸಿಕೊಂಡವರು ಮಾತ್ರ ಇಲ್ಲಿ ನಿಲ್ಲಬೇಕು.

ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ “ಟಕ್” ಸದ್ದು ಕಡತದ ಶುರುವಿನಲ್ಲೋ ಕೊನೆಯಲ್ಲೋ ಉಳಿದಿರುತ್ತದೆ. ಕಿವಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಅಲೆಯ ಎತ್ತರದಲ್ಲಿ ಅದೇ ಎಲ್ಲಕ್ಕಿಂತ ಮೇಲಿರಬಹುದು. ಹಾಡಿನ ನಿಜವಾದ ಪೀಕ್ 0.40 ಇದ್ದರೂ ಆ ಒಂದು ಟಕ್‌ನಿಂದ ಟ್ಯಾಗ್‌ನಲ್ಲಿ 1.0 ಎಂದು ದಾಖಲಾಗುತ್ತದೆ. ಕ್ಲಿಪ್ಪಿಂಗ್ ತಡೆಯುವ ಪ್ಲೇಯರ್ ಅದನ್ನು ನಂಬಿ ಹಾಡನ್ನು ಒಂದಿಷ್ಟೂ ಏರಿಸುವುದಿಲ್ಲ. “ಸ್ಕ್ಯಾನ್ ಮಾಡಿಸಿದರೂ ನಮ್ಮ ಹಳೆಯ ಭಜನೆ ಮೆತ್ತಗೇ ಕೇಳುತ್ತೆ” ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ. ಆಡಾಸಿಟಿ ಎಂಬ ದನಿ ತಿದ್ದುವ ತಂತ್ರಾಂಶದಲ್ಲಿ ತೆರೆದು ಆ ತುಂಡು ಕತ್ತರಿಸಿ, ಒಂದು ಬದಿಯ ಹಾಡುಗಳನ್ನು ಬಿಡಿಬಿಡಿ ಕಡತ ಮಾಡಿ, ಫ್ಲ್ಯಾಕ್ ಆಗಿ ಉಳಿಸಿ. ಫ್ಲ್ಯಾಕ್ ಎಂದರೆ ದನಿಯಲ್ಲಿ ಏನನ್ನೂ ಕಳೆಯದೆ ಗಾತ್ರ ಮಾತ್ರ ತಗ್ಗಿಸುವ ಫಾರ್ಮ್ಯಾಟ್.

ಇಲ್ಲೇ ಇನ್ನೊಂದು ಮಾತು. ಹರಿಕಥೆಯ ರೆಕಾರ್ಡಿಂಗ್‌ನಲ್ಲಿ ಮಾತು ಮೆಲ್ಲಗೆ, ಹಾಡು ಜೋರಾಗಿ ಇದ್ದರೆ ರೀಪ್ಲೇಗೇನ್ ಅದನ್ನು ಸರಿಮಾಡುವುದಿಲ್ಲ. ಅದು ಇಡೀ ಕಡತವನ್ನು ಒಟ್ಟಾಗಿ ಏರಿಸುತ್ತದೆ ಅಥವಾ ಇಳಿಸುತ್ತದೆ, ಅಷ್ಟೇ. ಒಳಗಿನ ಏರಿಳಿತ ಹಾಗೆಯೇ ಉಳಿಯುತ್ತದೆ, ಉಳಿಯಬೇಕು ಕೂಡ. ಟೇಪಿನ “ಸ್ಸ್” ಸದ್ದೂ ಹಾಡಿನ ಜೊತೆಯಲ್ಲೇ ಏರುತ್ತದೆ.

3. ಫಾರ್ಮ್ಯಾಟ್ ಬದಲಿಸಿ, ನೇರವಾಗಿ

ಫೂಬಾರ್‌ನಲ್ಲಿ ಹಾಡುಗಳನ್ನು ಆರಿಸಿ, ಬಲ ಗುಂಡಿ ಒತ್ತಿ, ಕನ್ವರ್ಟ್‌ಗೆ ಹೋಗಿ. ಮೊದಲ ಸಲ ಎಂಪಿ3 ಮಾಡುವಾಗ ಲೇಮ್ ಎಂಬ ಎನ್‌ಕೋಡರ್, ಅಂದರೆ ದನಿಯನ್ನು ಎಂಪಿ3ಗೆ ಇಳಿಸುವ ತಂತ್ರಾಂಶ, ಕೇಳುತ್ತದೆ. ಫೂಬಾರ್‌ನವರೇ ಕೊಡುವ ಎನ್‌ಕೋಡರ್ ಕಟ್ಟು ಹಾಕಿಕೊಂಡರೆ ಮುಗಿಯಿತು.

ಕನ್ವರ್ಟ್ ಕಿಟಕಿಯ ಪ್ರೊಸೆಸಿಂಗ್ ವಿಭಾಗದಲ್ಲಿ ರೀಪ್ಲೇಗೇನ್ ಆಯ್ಕೆ ಇದೆ. ಅದನ್ನು ನನ್ (None, ಅಂದರೆ ಏನೂ ಬೇಡ) ಎಂದೇ ಬಿಡಿ. ಅಲ್ಲಿ ಅಪ್ಲೈ ಎಂದು ಕೊಟ್ಟರೆ ಗೇನ್ ದನಿಯೊಳಗೇ ಇಳಿದುಬಿಡುತ್ತದೆ. ಹಾಗೆ ಇಳಿದ ಕಡತಕ್ಕೆ ಹಳೆಯ ಟ್ಯಾಗ್ ಕೂಡ ಅಂಟಿಕೊಂಡು ಬಂದರೆ ಪ್ಲೇಯರ್ ಎರಡನೇ ಸಲ ತಗ್ಗಿಸುತ್ತದೆ. ಮೈನಸ್ 8 ಡೆಸಿಬಲ್ ಇದ್ದ ಸಿನಿಮಾ ಹಾಡು ಒಟ್ಟು 16 ಡೆಸಿಬಲ್ ಇಳಿದು ಪಿಸುಮಾತಾಗುತ್ತದೆ. ಯಾವ ಕನ್ವರ್ಟರ್ ಬಳಸಿದರೂ ಈ ಎರಡು ಕೆಲಸದಲ್ಲಿ ಒಂದೇ ಆಗಬೇಕು: ಒಂದೋ ದನಿಯಲ್ಲಿ ಬದಲಾವಣೆ, ಇಲ್ಲವೇ ಟ್ಯಾಗ್.

ಫ್ಲ್ಯಾಕ್‌ನಿಂದ ಮೊದಲು ವೇವ್ (ಗಾತ್ರ ತಗ್ಗಿಸದ ಫಾರ್ಮ್ಯಾಟ್) ಮಾಡಿ, ಆಮೇಲೆ ಅದರಿಂದ ಎಂಪಿ3 ಮಾಡುವ ರೂಢಿ ಕೆಲವರಿಗಿದೆ. ಅದು ಬೇಡ. ಸಾಮಾನ್ಯವಾಗಿ ಟ್ಯಾಗ್‌ಗಳು ವೇವ್ ಹಂತದಲ್ಲೇ ಬಿದ್ದುಹೋಗುತ್ತವೆ, ಹಾಡಿನ ಹೆಸರೂ ಸೇರಿ. ಹಾಗೆಯೇ ಮಟ್ಟ ಸರಿಮಾಡುವ ಸಲುವಾಗಿ ಎಂಪಿ3ಯನ್ನು ಮತ್ತೆ ಎಂಪಿ3ಗೆ ಪರಿವರ್ತಿಸಬೇಡಿ. ಪ್ರತಿ ಸಲವೂ ದನಿಯ ಗುಣ ಒಂದಿಷ್ಟು ಹೋಗುತ್ತದೆ.

4. ಹಳೆಯ ಅಂಕಿ ನಂಬಬೇಡಿ, ಹೊಸ ಕಡತವನ್ನು ಮತ್ತೆ ಅಳೆಯಿರಿ

“ಫ್ಲ್ಯಾಕ್‌ನಲ್ಲಿ ಟ್ಯಾಗ್ ಇತ್ತಲ್ಲ, ಕಾಪಿ ಆಗಿರುತ್ತೆ” ಎನ್ನುವವರಿಗೆ ಈ ಹಂತ. ಗೇನ್ ಅಂಕಿಯ ಮಟ್ಟಿಗೆ ಅವರ ಮಾತು ಅರ್ಧ ನಿಜ: ಬರೀ ಎನ್‌ಕೋಡ್ ಮಾಡಿದ್ದರಿಂದ ಒಟ್ಟು ಮಟ್ಟ ಹೆಚ್ಚು ಬದಲಾಗದು. ಪೀಕ್ ಹಾಗಲ್ಲ. ಎಂಪಿ3, ಎಎಸಿ, ಓಪಸ್‌ನಂಥ ಫಾರ್ಮ್ಯಾಟ್‌ಗಳು ದನಿಯ ಕೆಲವು ಅಂಶಗಳನ್ನು ಕೈಬಿಡುವುದರಿಂದ ಅಲೆಯ ಆಕಾರ ಕೊಂಚ ಬದಲಾಗಿ, ಮೂಲದಲ್ಲಿ 0.99 ಇದ್ದ ಪೀಕ್ ಹೊಸ ಕಡತದಲ್ಲಿ 1.0 ದಾಟಬಹುದು. ಸ್ಟೀರಿಯೋವನ್ನು ಮೋನೋ ಮಾಡಿದ್ದರೆ, ಈಕ್ವಲೈಜರ್ ಹಾಕಿದ್ದರೆ, ಹಾಡನ್ನು ಕತ್ತರಿಸಿದ್ದರೆ ಗೇನ್ ಅಂಕಿಯೂ ಸುಳ್ಳಾಗುತ್ತದೆ.

ಕಾಪಿ ಆಗುತ್ತದೆ ಎಂಬುದೂ ಖಾತ್ರಿಯಲ್ಲ. ಫ್ಲ್ಯಾಕ್, ಆಗ್ ವೋರ್ಬಿಸ್‌ಗಳಲ್ಲಿ ಟ್ಯಾಗ್ ಬರೆಯುವ ಕ್ರಮ ಒಂದೇ. ಎಂಪಿ3ಯಲ್ಲಿ ಐಡಿ3 ಎಂಬ ಬೇರೆ ಕ್ರಮ. ರೀಪ್ಲೇಗೇನ್ ಅಲ್ಲಿ ಬಳಕೆದಾರರ ಸ್ವಂತ ಟಿಪ್ಪಣಿಯ ಜಾಗದಲ್ಲಿ ಕೂರುತ್ತದೆ, ಕೆಲವು ಪ್ಲೇಯರ್‌ಗಳು ಟ್ಯಾಗ್‌ನ ಹೆಸರು ಇಂಗ್ಲಿಷ್ ಚಿಕ್ಕಕ್ಷರದಲ್ಲಿದ್ದರೆ ಮಾತ್ರ ಗುರುತಿಸುತ್ತವೆ. ಎಂ4ಎಯಲ್ಲಿ ಇನ್ನೂ ಬೇರೆ. ಆದೇಶ ಬರೆದು ಓಡಿಸುವ ಎಫ್‌ಎಫ್‌ಎಂಪೆಗ್ ಎಂಬ ಕನ್ವರ್ಟರ್ ಬಳಸಿ ಫ್ಲ್ಯಾಕ್‌ನಿಂದ ಎಂ4ಎ ಮಾಡಿದರೆ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ರೀಪ್ಲೇಗೇನ್ ಟ್ಯಾಗ್‌ಗಳು ಬಿದ್ದುಹೋಗುತ್ತವೆ. ಅದೇ ಎಫ್‌ಎಫ್‌ಎಂಪೆಗ್‌ನಲ್ಲಿ ಆಗ್ ಅಥವಾ ಓಪಸ್‌ನಿಂದ ಎಂಪಿ3 ಮಾಡುವಾಗ, ಟ್ಯಾಗ್‌ಗಳು ದನಿಯ ಹರಿವಿಗೆ ಅಂಟಿಕೊಂಡಿರುವುದರಿಂದ, ಅವನ್ನು ಅಲ್ಲಿಂದ ಎತ್ತಿಕೋ ಎಂದು ಆದೇಶದಲ್ಲಿ ಪ್ರತ್ಯೇಕವಾಗಿ ಹೇಳಬೇಕು.

ಇಷ್ಟೆಲ್ಲ ನೆನಪಿಟ್ಟುಕೊಳ್ಳುವ ಬದಲು ಹೀಗೆ ಮಾಡಿ. ಹೊಸ ಕಡತಗಳನ್ನು ಫೂಬಾರ್‌ಗೆ ಎಳೆದು ಹಾಕಿ, ಎಲ್ಲವನ್ನೂ ಆರಿಸಿ, ಬಲ ಗುಂಡಿ ಒತ್ತಿ ರೀಪ್ಲೇಗೇನ್ ಪಟ್ಟಿಗೆ ಹೋಗಿ, ಹಳೆಯ ಮಾಹಿತಿ ತೆಗೆದುಹಾಕುವ ರಿಮೂವ್ ಆಯ್ಕೆ ಒತ್ತಿ. ಆಮೇಲೆ ಸ್ಕ್ಯಾನ್. ನೂರಾರು ಹಾಡಿದ್ದರೂ ಹೆಚ್ಚು ಹೊತ್ತು ಹಿಡಿಯದು. ಮುಗಿದ ಮೇಲೆ ಬರುವ ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ: ಈಚಿನ ಸಿನಿಮಾ ಹಾಡುಗಳಿಗೆ ಮೈನಸ್ 8, 9, 10 ಬರುವುದು ಸಾಮಾನ್ಯ, ಹಳೆಯ ಕ್ಯಾಸೆಟ್‌ಗಳಿಗೆ ಪ್ಲಸ್ ಬರಬಹುದು. ಪ್ಲಸ್ 20ರಂಥದ್ದು ಕಂಡರೆ ಆ ಕಡತದಲ್ಲಿ ಹಾಡೇ ಸರಿಯಾಗಿ ದಾಖಲಾಗಿಲ್ಲ ಎಂದು ಅನುಮಾನಿಸಿ.

5. ಟ್ರ್ಯಾಕ್ ಬೇಕೋ ಆಲ್ಬಂ ಬೇಕೋ

ಸ್ಕ್ಯಾನ್ ಮಾಡುವಾಗ ಎರಡು ಮುಖ್ಯ ಆಯ್ಕೆ ಕಾಣುತ್ತವೆ: ಪ್ರತಿ ಹಾಡನ್ನು ಬೇರೆಬೇರೆ ಅಳೆಯುವುದು, ಆರಿಸಿದ್ದನ್ನೆಲ್ಲ ಒಂದು ಆಲ್ಬಂ ಎಂದು ಅಳೆಯುವುದು. ಆಲ್ಬಂ ಎಂದು ಅಳೆದರೆ ಟ್ರ್ಯಾಕ್ ಅಂಕಿಯೂ ಸಿಗುತ್ತದೆ, ಆದ್ದರಿಂದ ಸಂಗೀತ ಕಚೇರಿ, ನಾಟಕ, ಒಂದೇ ಭಜನಾ ಕ್ಯಾಸೆಟ್ ಇಂಥವನ್ನು ಯಾವಾಗಲೂ ಆಲ್ಬಂ ಆಗಿಯೇ ಅಳೆಯಿರಿ.

ಕರ್ನಾಟಕ ಸಂಗೀತದ ಕಚೇರಿಯನ್ನು ತುಂಡು ಮಾಡಿ ಟ್ರ್ಯಾಕ್ ಗೇನ್‌ನಲ್ಲಿ ಕೇಳುವುದು ನನ್ನ ದೃಷ್ಟಿಯಲ್ಲಿ ಸಂಗೀತಕ್ಕೆ ಮಾಡುವ ಅನ್ಯಾಯ. ಆಲಾಪನೆ ಮೆಲ್ಲಗೆ ಶುರುವಾಗಬೇಕು, ತನಿ ಆವರ್ತನದಲ್ಲಿ ಮೃದಂಗ ತುಂಬಿ ಬರಬೇಕು. ಟ್ರ್ಯಾಕ್ ಗೇನ್ ಆಲಾಪನೆಯನ್ನು ಎತ್ತಿ ಮೃದಂಗವನ್ನು ತಗ್ಗಿಸಿ ಎರಡನ್ನೂ ಒಂದೇ ಎತ್ತರಕ್ಕೆ ತರುತ್ತದೆ. ತುಂಡು ಸೇರುವ ಜಾಗದಲ್ಲಿ ದನಿ ತಟ್ಟನೆ ಜಿಗಿಯುತ್ತದೆ. ಆಲ್ಬಂ ಗೇನ್‌ನಲ್ಲಿ ಇಡೀ ಕಚೇರಿ ಒಂದೇ ಅಂಕಿಯಿಂದ ಏರಿಳಿಯುವುದರಿಂದ ಕಲಾವಿದರು ಇಟ್ಟ ಹದ ಹಾಗೆಯೇ ಉಳಿಯುತ್ತದೆ. ಬೇರೆಬೇರೆ ಕಡೆಯ ಹಾಡುಗಳನ್ನು ಕಲಸಿ ಕೇಳುವ ಪಟ್ಟಿಗೆ ಟ್ರ್ಯಾಕ್ ಗೇನ್ ಸರಿ. ಎರಡೂ ಅಂಕಿ ಕಡತದಲ್ಲಿದ್ದರೆ ಪ್ಲೇಯರ್‌ನಲ್ಲಿ ಬೇಕೆಂದಾಗ ಬದಲಿಸಿಕೊಳ್ಳಬಹುದು.

ಫೂಬಾರ್‌ನ ಪ್ಲೇಬ್ಯಾಕ್ ಸೆಟ್ಟಿಂಗ್‌ನಲ್ಲಿ ಗೇನ್ ಹಾಕಿ ಪೀಕ್ ನೋಡಿ ಕ್ಲಿಪ್ಪಿಂಗ್ ತಡೆ ಎಂಬ ಆಯ್ಕೆ ಇಟ್ಟುಕೊಳ್ಳಿ. ಅಲ್ಲೇ ಟ್ಯಾಗ್ ಇಲ್ಲದ ಹಾಡುಗಳಿಗೆ ಬೇರೆ ಪ್ರೀಆಂಪ್, ಅಂದರೆ ಮಟ್ಟ ಏರಿಳಿಸುವ ಹಿಡಿ, ಇದೆ. ಅದನ್ನು ಮೈನಸ್ 6 ಅಥವಾ 8ಕ್ಕೆ ಇಳಿಸಿದರೆ ಅಳೆಯದೆ ಉಳಿದ ಹಾಡು ನಡುವೆ ಬಂದಾಗ ಬೆಚ್ಚಿಬೀಳಬೇಕಾಗಿಲ್ಲ.

6. ಟ್ಯಾಗ್ ಓದದ ಕಾರು, ಮೈಕ್‌ಸೆಟ್‌ಗಳಿಗೆ

ಇಲ್ಲಿ ಟ್ಯಾಗ್ ಬಿಟ್ಟು ದನಿಯ ಮಟ್ಟವನ್ನೇ ಬದಲಿಸಬೇಕು. ಎಂಪಿ3ಗೇನ್ ಮಾಡುವುದು ಇದನ್ನೇ. ಎಂಪಿ3ಯ ಪ್ರತಿ ತುಣುಕಿನಲ್ಲೂ ಒಟ್ಟು ಮಟ್ಟ ಹೇಳುವ ಒಂದು ಅಂಕಿ ಇರುತ್ತದೆ. ಅದನ್ನಷ್ಟೇ ತಿದ್ದುತ್ತದೆ, ಮತ್ತೆ ಎನ್‌ಕೋಡ್ ಮಾಡುವುದಿಲ್ಲ. ಹಾಗಾಗಿ ಗುಣ ಕೆಡದು. ಒಂದೇ ಮಿತಿ ಎಂದರೆ ಬದಲಾವಣೆ 1.5 ಡೆಸಿಬಲ್ ಮೆಟ್ಟಿಲುಗಳಲ್ಲಿ ಮಾತ್ರ ಸಾಧ್ಯ. ಕಾರಿನಲ್ಲಿ ಕೇಳಲು ಅಷ್ಟು ಧಾರಾಳ ಸಾಕು.

ಪೆನ್‌ಡ್ರೈವ್‌ಗೆಂದೇ ಬೇರೆ ಫೋಲ್ಡರ್ ಮಾಡಿ ಪ್ರತಿಗಳನ್ನು ಹಾಕಿಕೊಳ್ಳಿ. ಎಂಪಿ3ಗೇನ್‌ನಲ್ಲಿ ಆ ಫೋಲ್ಡರ್ ತೆರೆದು ಟ್ರ್ಯಾಕ್ ಅನಾಲಿಸಿಸ್ ಒತ್ತಿ, ಆಮೇಲೆ ಟ್ರ್ಯಾಕ್ ಗೇನ್ ಒತ್ತಿ. ಗುರಿ 89 ಎಂದೇ ಇರುತ್ತದೆ. ತುಮಕೂರಿನಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಹೋಗುವಾಗ ಗಾಳಿ, ಟೈರಿನ ಸದ್ದಿನಲ್ಲಿ 89 ಕಡಿಮೆ ಎನಿಸುತ್ತದೆ ಎಂದು 95, 98ಕ್ಕೆ ಏರಿಸುವವರಿದ್ದಾರೆ. ಬೇಡ. ಎಲ್ಲ ಹಾಡೂ ಸಮನಾಗಿದ್ದರೆ ಸ್ಟೀರಿಯೋದ ವಾಲ್ಯೂಮನ್ನೇ ಒಮ್ಮೆ ಏರಿಸಿಕೊಂಡು ಬಿಡಬಹುದು. ತೀರ ಬೇಕಾದರೆ 92ರವರೆಗೆ ಹೋಗಿ, ಕ್ಲಿಪ್ ಆಗುತ್ತದೆ ಎಂದು ಕೆಂಪು ಬಣ್ಣದಲ್ಲಿ ತೋರಿಸಿದ ಹಾಡುಗಳನ್ನು ಬಿಟ್ಟುಬಿಡಿ.

ಎರಡು ಎಚ್ಚರಿಕೆ. ಕಡತದ ಹೆಸರು ಕನ್ನಡ ಲಿಪಿಯಲ್ಲಿದ್ದರೆ ಈ ಹಳೆಯ ತಂತ್ರಾಂಶ ತೊಡಕು ಮಾಡಬಹುದು, ಹಾಗಾದರೆ ಪ್ರತಿಗಳಿಗೆ ಇಂಗ್ಲಿಷ್ ಅಕ್ಷರದ ಹೆಸರಿಟ್ಟು ಓಡಿಸಿ. ಮತ್ತೆ, ಎಂಪಿ3ಗೇನ್ ದನಿ ಬದಲಿಸಿದ ಮೇಲೂ ಫೂಬಾರ್ ಬರೆದಿದ್ದ ಐಡಿ3 ಟ್ಯಾಗ್ ಹಳೆಯ ಅಂಕಿಯನ್ನೇ ಹೇಳುತ್ತಿರುತ್ತದೆ. ಅದೇ ಪೆನ್‌ಡ್ರೈವ್ ಹಾಡನ್ನು ಮೊಬೈಲಿಗೆ ಹಾಕಿದರೆ ಎರಡು ಸಲ ತಗ್ಗುತ್ತದೆ. ಫೂಬಾರ್‌ನಲ್ಲಿ ಮತ್ತೆ ಸ್ಕ್ಯಾನ್ ಮಾಡಿ. 89ರ ಗುರಿ ಇಟ್ಟಿದ್ದರೆ ಅಂಕಿ ಸೊನ್ನೆಯ ಆಸುಪಾಸು ಬರುತ್ತದೆ. ಎಂಪಿ3ಗೇನ್ ಹಳೆಯ ಅಳತೆಯ ಕ್ರಮ ಬಳಸುವುದರಿಂದ ಒಂದೆರಡು ಡೆಸಿಬಲ್ ವ್ಯತ್ಯಾಸ ಕಂಡರೆ ಗಾಬರಿ ಬೇಡ.

7. ಓಪಸ್ ಬಳಸುವವರಿಗೆ

ಮೊಬೈಲಿನಲ್ಲಿ ಜಾಗ ಉಳಿಸಲು ಓಪಸ್ ಒಳ್ಳೆಯ ಫಾರ್ಮ್ಯಾಟ್. ಆದರೆ ಟ್ಯಾಗ್ ವಿಷಯದಲ್ಲಿ ಅದರ ನಿಯಮ ಬೇರೆ. 2016ರಲ್ಲಿ ಬಂದ ಅದರ ನಿಯಮಾವಳಿ ರೀಪ್ಲೇಗೇನ್ ಟ್ಯಾಗ್ ಬಳಸಬೇಡಿ ಎನ್ನುತ್ತದೆ, ಬದಲಿಗೆ ಆರ್128 ಎಂಬ ಟ್ಯಾಗ್ ಕೊಡುತ್ತದೆ. ಅದರ ಗುರಿ ಮೈನಸ್ 23 ಎಲ್‌ಯುಎಫ್‌ಎಸ್, ಅಂದರೆ ರೀಪ್ಲೇಗೇನ್‌ಗಿಂತ 5 ಡೆಸಿಬಲ್ ಕೆಳಗೆ. ಅಂಕಿ ಬರೆಯುವ ರೀತಿಯೂ ಬೇರೆ: 1 ಡೆಸಿಬಲ್‌ಗೆ 256. ರೀಪ್ಲೇಗೇನ್‌ನಲ್ಲಿ ಮೈನಸ್ 6 ಇದ್ದ ಹಾಡಿಗೆ ಇಲ್ಲಿ ಮೈನಸ್ 11 ಆಗಿ, 256ರಿಂದ ಗುಣಿಸಿ, ಮೈನಸ್ 2816 ಎಂದು ದಾಖಲಾಗುತ್ತದೆ. ಎಂಪಿ3ಟ್ಯಾಗ್‌ನಲ್ಲಿ ಇಂಥ ಅಂಕಿ ಕಂಡು ಕಡತ ಕೆಟ್ಟಿದೆ ಎಂದು ಅಳಿಸಿಬಿಟ್ಟವರಿದ್ದಾರೆ, ಕೆಟ್ಟಿಲ್ಲ. ಈ ಟ್ಯಾಗ್‌ಗಳಲ್ಲಿ ಪೀಕ್ ಇರುವುದಿಲ್ಲ.

ಫ್ಲ್ಯಾಕ್, ಓಪಸ್ ಎರಡೂ ಕಲೆತ ಪಟ್ಟಿಯಲ್ಲಿ ಓಪಸ್ ಹಾಡುಗಳೆಲ್ಲ ಒಂದೇ ಪ್ರಮಾಣದಲ್ಲಿ ಮೆತ್ತಗೆ ಕೇಳಿದರೆ, ಆ ಪ್ಲೇಯರ್ ಈ 5 ಡೆಸಿಬಲ್ ಅಂತರವನ್ನು ಸರಿದೂಗಿಸುತ್ತಿಲ್ಲ ಎಂದು ತಿಳಿಯಿರಿ. ಪ್ಲೇಯರ್ ಬದಲಿಸಿ, ಇಲ್ಲವೇ ಆರ್‌ಎಸ್‌ಗೇನ್‌ನಲ್ಲಿ ಓಪಸ್‌ಗೆ ಯಾವ ಬಗೆಯ ಟ್ಯಾಗ್ ಬರೆಯಬೇಕು ಎಂಬ ಆಯ್ಕೆಯನ್ನು ನಿಮ್ಮ ಪ್ಲೇಯರ್‌ಗೆ ಹೊಂದುವಂತೆ ಬದಲಿಸಿ ಮತ್ತೆ ಅಳೆಯಿರಿ. ಓಪಸ್‌ನಿಂದ ಎಂಪಿ3ಗೆ ಹೋಗುವಾಗ ಆ ಆರ್128 ಅಂಕಿ ಬರೀ ಬರಹವಾಗಿ ಅಂಟಿಕೊಂಡು ಬಂದರೆ ಎಂಪಿ3 ಪ್ಲೇಯರ್‌ಗೆ ಅದು ಅರ್ಥವಾಗದು. ಅಳಿಸಿ, 4ನೇ ಹಂತದಂತೆ ಹೊಸದಾಗಿ ಸ್ಕ್ಯಾನ್ ಮಾಡಿ.

8. ಏನಾದರೂ ಕೆಟ್ಟರೆ

ಟ್ಯಾಗ್ ತಪ್ಪಾದರೆ ಅಳಿಸಿ ಮತ್ತೆ ಅಳೆದರಾಯಿತು, ದನಿಗೆ ಏನೂ ಆಗಿರುವುದಿಲ್ಲ. ಎಂಪಿ3ಗೇನ್ ಮಾಡಿದ್ದನ್ನು ಹಿಂದಕ್ಕೆ ಪಡೆಯಲು ಅದರಲ್ಲೇ ಅಂಡೂ ಆಯ್ಕೆ ಇದೆ. ಎಷ್ಟು ಮೆಟ್ಟಿಲು ಬದಲಿಸಿದೆ ಎಂಬುದನ್ನು ಅದು ಎಪಿಇ ಎಂಬ ಟ್ಯಾಗ್‌ನಲ್ಲಿ ಬರೆದಿಟ್ಟಿರುತ್ತದೆ. ಟ್ಯಾಗ್ ಶುಚಿ ಮಾಡುವ ಉತ್ಸಾಹದಲ್ಲಿ ಆ ಎಪಿಇ ಟ್ಯಾಗ್ ಅಳಿಸಿಬಿಟ್ಟರೆ ಅಂಡೂಗೆ ದಾರಿ ಇರುವುದಿಲ್ಲ. ಕನ್ವರ್ಟ್ ಮಾಡುವಾಗಲೇ ಗೇನನ್ನು ದನಿಯೊಳಗೆ ಇಳಿಸಿದ ಕಡತಕ್ಕೆ ಹಿಂದಕ್ಕೆ ಹೋಗುವ ದಾರಿಯೇ ಇಲ್ಲ. ಅಂಥದ್ದನ್ನು ಅಳಿಸಿ, ಮೂಲ ಫ್ಲ್ಯಾಕ್‌ನಿಂದ 3ನೇ ಹಂತದಿಂದ ಮತ್ತೆ ಶುರುಮಾಡಿ.